ಬ್ರಹ್ಮಗಿರಿಯ ಬಂಡೆಯೂ ‘ಧರ್ಮ’ ಎಂಬ ಕಾಲಮ್ಮೂ

ಮಾನ್ಯ ಸಂಪಾದಕರೇ,

ಮೊನ್ನೆ ಶಾಲೆಯ ಅರ್ಜಿ ತುಂಬುವಾಗ ಮಗಳು, ‘ಅಪ್ಪಾ, ಧರ್ಮ ಅಂದ್ರೇನು?’ ಎಂದಳು. ಜಾತಿ ಕಾಲಮ್ಮಿನ ಪಕ್ಕದ ಪದ ಅಂತ ಹೇಳಲು ಮನಸ್ಸಾಗಲಿಲ್ಲ. ಹಿಂದೂಗಳಿಗೆ ಅದು ನಾಲ್ಕು ಪುರುಷಾರ್ಥಗಳಲ್ಲಿ ಮೊದಲನೆಯದು, ಬೌದ್ಧರಿಗೆ ಬುದ್ಧನ ಬೋಧನೆ. ಜೈನರಲ್ಲಿ ಅಹಿಂಸೆಯ ಜೊತೆ ಇನ್ನೊಂದು ಅರ್ಥವೂ ಇದೆ: ಮೀನಿನ ಈಜಿಗೆ ನೀರು ಒದಗುವಂತೆ, ಚಲನೆಗೆ ನೆರವಾಗುವ ದ್ರವ್ಯ. ಎಷ್ಟು ಚೆಂದ ಅಲ್ವಾ!

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕ ಬ್ರಾಹ್ಮಿ ಲಿಪಿಯಲ್ಲಿ ಧರ್ಮದ ಗುಣ ಕೆತ್ತಿಸಿದ್ದಾನೆ. ತಂದೆತಾಯಿಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ ಎನ್ನುತ್ತದೆ ಅದು. ಮಗಳಿಗೆ ಥಟ್ಟನೆ ಅರ್ಥವಾಯಿತು. ದುರ್ಗದ ಕೋಟೆ ತೋರಿಸುವ ಮೇಷ್ಟ್ರುಗಳು ಮಕ್ಕಳನ್ನು ದಯವಿಟ್ಟು ಆ ಬಂಡೆಗೂ ಕರೆದೊಯ್ಯಲಿ.

– ಒಬ್ಬ ಓದುಗ, ಚಿತ್ರದುರ್ಗ