‘ಸ್ಟೇ ಫ್ರೀ’ ಅಂತ ಬರೆದ ಪುಟ್ಟಿಗೆ

ಮೈಸೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದಳು. ನಿನ್ನ ಇಂಜಿನಿಯರಿಂಗ್ ಮುಗಿದ ವಿಷಯ ಐದು ನಿಮಿಷ, ಜುಲೈಯಲ್ಲಿ ನೀನು ಗೆಳತಿಯ ಹತ್ತಿರ ಜರ್ಮನಿಗೆ ಹೊರಟ ವಿಷಯ ಮುಕ್ಕಾಲು ಗಂಟೆ. ಹಿಂದಿನಿಂದ ನಿಮ್ಮಪ್ಪ "ಆಚೆನ್, ಆಚೆನ್" ಅನ್ನುತ್ತಿದ್ದರು. ಆಚೆಯೂ ಅಲ್ಲ, ಈಚೆಯೂ ಅಲ್ಲ, ಆ ಊರಿನ ಹೆಸರು ಆಖೆನ್ ಅಂತ ಅವರಿಗೆ ಹೇಳು. 2019ರಲ್ಲಿ ನಿಮ್ಮಕ್ಕ ಅಲ್ಲಿ ಓದುತ್ತಿದ್ದಾಗ ಮೂರು ವಾರ ಅವಳ ರೂಮಿನಲ್ಲೇ ಇದ್ದು ಬಂದವಳು ನಾನು. ಹಾಗಾಗಿ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ನೀನು ಫ್ಯಾಮಿಲಿ ಗ್ರೂಪಿಗೆ ಹಾಕಿದ ಪ್ಲಾನ್ ನೋಡಿದೆ. ಇಪ್ಪತ್ತು ದಿನಕ್ಕೆ ಏಳು ದೇಶ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬ್ರಸೆಲ್ಸ್, ಪ್ರಾಗ್, ವಿಯೆನ್ನಾ, ವೆನಿಸ್. ಕೊನೆಯ ಸಾಲಿನಲ್ಲಿ, "ಆಖೆನ್, 3 ನೈಟ್ಸ್, ಸ್ಟೇ ಫ್ರೀ." ಎಲ್ಲರೂ ಚಪ್ಪಾಳೆ ಹಾಕಿದರು. ನಾನು ಹಾಕಲಿಲ್ಲ. ಅಲ್ಲೇ ಏನಾದರೂ ಅಂದರೆ ನಿನಗೆ ಮುಜುಗರ ಅಂತ ಈ ಕಾಗದ.

ಫ್ರೀ ಅಲ್ಲ ಪುಟ್ಟಿ. ಬಿಲ್ಲು ನಿನ್ನ ಹೆಸರಿಗೆ ಬರುವುದಿಲ್ಲ, ಅಷ್ಟೇ.

ಲೆಕ್ಕ ಹೇಳುತ್ತೇನೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತವಳಿಗೆ ಬೇರೇನು ಬರುತ್ತದೆ? ಜರ್ಮನಿಗೆ ಓದಲು ಹೋಗುವ ಮಕ್ಕಳು ಹೊರಡುವ ಮೊದಲೇ ವರ್ಷದ ಖರ್ಚಿಗೆ ಅಂತ 11,904 ಯುರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. ಅದರಿಂದ ತಿಂಗಳಿಗೆ 992 ಯುರೋ ಮಾತ್ರ ಕೈಗೆ ಬರುತ್ತದೆ. ಬಾಡಿಗೆ, ಆರೋಗ್ಯ ವಿಮೆ, ಊಟ, ಫೋನು ಎಲ್ಲ ಅದರಲ್ಲೇ. ಕೆಲಸ ಮಾಡಿ ಸಂಪಾದಿಸೋಣ ಅಂದರೆ ಅದಕ್ಕೂ ಮಿತಿ ಇದೆ. ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ. ನಿನ್ನ ಗೆಳತಿಯ ಅಪ್ಪ ಆ ದುಡ್ಡನ್ನು ಹೇಗೆ ಹೊಂದಿಸಿದರು ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆ ಹುಡುಗಿ ಹೊರಗೆ ಒಂದು ಕಾಫಿ ಕುಡಿಯುವ ಮೊದಲೂ ಮನಸ್ಸಲ್ಲೇ ನೂರರಿಂದ ಗುಣಿಸುತ್ತಿರುತ್ತಾಳೆ. ನಿಮ್ಮಕ್ಕ ಎರಡು ವರ್ಷ ಗುಣಿಸಿದಳು.

ದುಡ್ಡಿಗಿಂತ ದೊಡ್ಡದು ಸಮಯ. ಜುಲೈ ಅಂದರೆ ನಿನಗೆ ರಜ, ಅವಳಿಗಲ್ಲ. ಅಲ್ಲಿ ಬೇಸಿಗೆ ಸೆಮಿಸ್ಟರ್ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಪಾಠ ಜುಲೈ ತನಕ ನಡೆಯುತ್ತದೆ, ಅದರ ಬೆನ್ನಿಗೇ ಪರೀಕ್ಷೆ. "ಬರಲಾ?" ಅಂತ ಕೇಳಿದರೆ ಬಾ ಅಂತಲೇ ಅನ್ನುತ್ತಾಳೆ. ನಮ್ಮ ಕಡೆ ಬೇಡ ಅನ್ನುವ ಅಭ್ಯಾಸವೇ ಇಲ್ಲ ಅಲ್ವಾ. ಅದರ ಬದಲು "ನಿನ್ನ ಪರೀಕ್ಷೆ ಯಾವ್ಯಾವ ದಿನ?" ಅಂತ ಕೇಳು. ಟಿಕೆಟ್ ಬುಕ್ ಮಾಡುವುದು ಆ ಉತ್ತರ ಬಂದ ಮೇಲೆ. ಇನ್ನೊಂದು, ಹಾಸ್ಟೆಲ್‌ಗಳಲ್ಲಿ ಹೊರಗಿನವರು ಎಷ್ಟು ರಾತ್ರಿ ಇರಬಹುದು ಅಂತ ನಿಯಮ ಇರುವುದುಂಟು. ಅದನ್ನೂ ಈಗಲೇ ಕೇಳಿಕೋ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಅಲ್ಲಿ ಇದ್ದದ್ದು ಇದ್ದ ಹಾಗೇ ನಿಜ. ಒಂದೇ ಮಂಚ, ಅದೂ ಒಬ್ಬರು ಮಗ್ಗುಲು ಬದಲಿಸುವಷ್ಟು ಅಗಲ. ನಾನು ಮಂಚದ ಮೇಲೆ ಮಲಗಿದೆ, ನಿಮ್ಮಕ್ಕ ಮೂರು ವಾರ ಯೋಗ ಮಾಡುವ ಚಾಪೆಯ ಮೇಲೆ ಮಲಗಿದಳು. ಅವಳ ಬೆನ್ನು ನೋವಿನ ಕಥೆ ನನಗೆ ತಿಳಿದದ್ದು ಎರಡು ವರ್ಷ ಆದಮೇಲೆ.

ಇನ್ನು ವೀಸಾ. ಷೆಂಗೆನ್ ವೀಸಾ ಒಂದಿದ್ದರೆ 29 ದೇಶ ಸುತ್ತಬಹುದು ನಿಜ. ಆದರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀಯೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಗೆಳತಿಯಿಂದ ಆಹ್ವಾನ ಪತ್ರ ಬರೆಸಿಕೊಂಡು ಜರ್ಮನಿಗೆ ಅರ್ಜಿ ಹಾಕಿ, ಅಲ್ಲಿ ಮೂರೇ ರಾತ್ರಿ ಇದ್ದು, ಉಳಿದ ದಿನ ಬೇರೆ ಕಡೆ ಅಲೆಯುವುದು ಸರಿಯಲ್ಲ. ಪತ್ರ ಬರೆದವಳು ಅವಳು. ನಾಳೆ ಅವಳು ಅಲ್ಲಿ ಇರಲು ಬೇಕಾದ ಪರ್ಮಿಟ್ ಮುಂದುವರಿಸಿಕೊಳ್ಳಲು ಅಲ್ಲಿಯ ಕಚೇರಿಗೇ ಹೋಗಬೇಕಾದವಳು.

ಓದು ಮುಗಿದಿದೆ, ಕೆಲಸ ಇನ್ನೂ ಶುರುವಾಗಿಲ್ಲ, ಮದುವೆಯಾಗಿಲ್ಲ. ಈ ಹುಡುಗಿ ವಾಪಸ್ ಹೋಗುತ್ತಾಳಾ ಅಂತ ವೀಸಾ ಕೊಡುವವರಿಗೆ ಅನುಮಾನ ಬರುವುದು ಸಹಜ. ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರುವ ಆಫರ್ ಲೆಟರ್ ಇದೆಯಲ್ಲ, ಅದನ್ನು ಮೇಲೇ ಇಡು. ನಿಮ್ಮಪ್ಪ ಖರ್ಚು ಕೊಡುತ್ತೇನೆ ಅಂತ ಪತ್ರ, ಅವರ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇರಲಿ. ಆದರೆ ಒಂದು ಮಾತು. ಅರ್ಜಿಗೆ ಒಂದು ವಾರ ಮೊದಲು ಯಾರದೋ ಐದು ಲಕ್ಷ ತಂದು ಖಾತೆಗೆ ತುಂಬಿ, ಸ್ಟೇಟ್‌ಮೆಂಟ್ ತೆಗೆಸಿ, ಮಾರನೇ ದಿನ ವಾಪಸ್ ಕೊಡುವವರನ್ನು ಕೌಂಟರಿನ ಈ ಕಡೆಯಿಂದ ಎಷ್ಟು ಜನರನ್ನು ನೋಡಿದ್ದೇನೋ. ಅವರನ್ನು ಬಿಟ್ಟು ಎಲ್ಲರಿಗೂ ಅದು ಕಾಣುತ್ತದೆ. ತಿಂಗಳು ತಿಂಗಳು ಸಂಬಳ ಬಂದು ಮನೆ ನಡೆಯುವ ಸಾಧಾರಣ ಪಾಸ್‌ಬುಕ್ಕೇ ಎಷ್ಟೋ ಮೇಲು. ಫೀಸು 90 ಯುರೋ, ಅದರ ಮೇಲೆ ಅರ್ಜಿ ಕೇಂದ್ರದವರ ಚಾರ್ಜು. ಕನಿಷ್ಠ 30,000 ಯುರೋದ ಪ್ರಯಾಣ ವಿಮೆ ಕಡ್ಡಾಯ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಸಲ 45 ದಿನದ ತನಕ ಎಳೆಯುತ್ತದೆ. ಆದ್ದರಿಂದ ನಾಳೆ ನಾಡಿದ್ದು ಅನ್ನಬೇಡ.

ಅಲ್ಲಿ ಕಾರ್ಡ್ ಉಜ್ಜುವಾಗ ಮೆಷಿನ್ನು "ರೂಪಾಯಲ್ಲಿ ಕೊಡುತ್ತೀರಾ, ಯುರೋದಲ್ಲಿ ಕೊಡುತ್ತೀರಾ" ಅಂತ ಕೇಳುತ್ತದೆ. ರೂಪಾಯಿ ನೋಡಿದ ತಕ್ಷಣ ಊರವರು ಸಿಕ್ಕಂತೆ ಖುಷಿಯಾಗಿ ಅದನ್ನು ಒತ್ತಬೇಡ. ಅವರ ದರ ನಮಗೆ ಯಾವಾಗಲೂ ನಷ್ಟ. ಯುರೋ ಒತ್ತು.

ಸೂಟ್‌ಕೇಸಿನ ವಿಷಯದಲ್ಲಿ ನಿಮ್ಮಮ್ಮನ ಮಾತು ಕೇಳಬೇಡ. ನಾನೇ ಅವಳಿಗೆ ಹೇಳುತ್ತೇನೆ. ಹಾಲಿನ ಪದಾರ್ಥ, ಮಾಂಸ ಯುರೋಪಿಗೆ ಒಯ್ಯುವ ಹಾಗಿಲ್ಲ. ಹಾಗಾಗಿ ತುಪ್ಪದ ಡಬ್ಬಿ, ಪೇಡ ಎರಡೂ ಇಲ್ಲ. ಹಸಿ ಕರಿಬೇವೂ ಇಲ್ಲ. ದುಬೈ ಮೇಲೆ ಹೋಗುವುದಾದರೆ ಗಸಗಸೆ ಇರುವ ಯಾವ ಪುಡಿಯನ್ನೂ ಮುಟ್ಟಲೇಬೇಡ, ಅಲ್ಲಿ ಅದು ಅಪರಾಧ. ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಅವಲಕ್ಕಿ ತಗೊಂಡು ಹೋಗು. ಎಲ್ಲಕ್ಕಿಂತ ಮುಖ್ಯ, ಗೆಳತಿಯ ಅಮ್ಮನ ಮನೆಗೆ ಹೋಗಿ ಅವರ ಕೈಯ ಪುಡಿ ಇಸಕೊಂಡು ಹೋಗು. ನಮ್ಮ ಮನೆಯದು ಎಷ್ಟೇ ಚೆನ್ನಾಗಿರಲಿ, ಅವಳಿಗೆ ಬೇಕಾದದ್ದು ಅದು.

ಅಡುಗೆಮನೆ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು, ಯಾಕೆಂದರೆ ನಾನು ಮಾನ ಕಳಕೊಂಡದ್ದು ಅಲ್ಲೇ. ಎಂಟು ರೂಮಿಗೆ ಒಂದು ಅಡುಗೆಮನೆ. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾನೆ. ಯಾವ ವಾರ ಯಾರು ಗುಡಿಸಬೇಕು ಅಂತ ಗೋಡೆಯ ಮೇಲೆ ಪಟ್ಟಿ. ಅಲ್ಲಿನ ಒಲೆ ಕರೆಂಟಿನಲ್ಲಿ ಕಾಯುವ ಕಬ್ಬಿಣದ ಬಿಲ್ಲೆ. ಆರಿಸಿದರೂ ಎಷ್ಟೋ ಹೊತ್ತು ಕಾದೇ ಇರುತ್ತದೆ. ನಾನು ಗ್ಯಾಸಿನ ಅಭ್ಯಾಸದಲ್ಲಿ ಎಣ್ಣೆ ಕಾದ ಕೂಡಲೇ ಗುಂಡಿ ತಿರುಗಿಸಿ, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಇಂಗು ಹಾಕಿ, ಸಾರಿನ ಪಾತ್ರೆ ತರಲು ಆ ಕಡೆ ತಿರುಗಿದೆ. ಮೆಣಸಿನಕಾಯಿ ಕರಕಲಾಯಿತು. ಹೊಗೆ ಎದ್ದಿತು. ಚಾವಣಿಯ ಮೇಲಿನ ಬಿಳಿ ಡಬ್ಬಿ ಕಿವಿ ಕಿತ್ತುಹೋಗುವ ಹಾಗೆ ಅರಚಿಕೊಂಡಿತು. ಎಂಟೂ ಬಾಗಿಲು ತೆರೆದವು. ಒಬ್ಬ ಹುಡುಗ ತಲೆಯಲ್ಲಿ ಶಾಂಪೂ ನೊರೆ ಇಟ್ಟುಕೊಂಡೇ ಟವೆಲ್ ಸುತ್ತಿಕೊಂಡು ಓಡಿಬಂದ. ಎಲ್ಲರೂ ಕೆಮ್ಮುತ್ತಾ ನಗುತ್ತಾ ಕಿಟಕಿ ತೆರೆದರು. ನಗದೇ ಇದ್ದವಳು ನಿಮ್ಮಕ್ಕ ಒಬ್ಬಳೇ. ಮಾರನೇ ದಿನ ಪರೀಕ್ಷೆ ಇದ್ದ ಹುಡುಗಿಯ ಬಾಗಿಲು ತಟ್ಟಿ ಸಾರಿ ಕೇಳಿ ಬಂದಳು. ನಾನು ನಾಲ್ಕು ದಿನಕ್ಕೆ ಮರೆತೆ. ಅವಳು ಇನ್ನೂ ಒಂದು ವರ್ಷ ಅದೇ ಜನರ ಜೊತೆ ಅದೇ ಅಡುಗೆಮನೆಯಲ್ಲಿ ಇರಬೇಕಿತ್ತು.

ಹಾಗಾಗಿ ಅಡುಗೆ ಮಾಡು, ಖಂಡಿತ ಮಾಡು. ಅವಳು ಲೈಬ್ರರಿಯಿಂದ ಬರುವ ಹೊತ್ತಿಗೆ ಬಿಸಿ ಅನ್ನ, ಸಾರು ಇದ್ದರೆ ಅದೇ ನೀನು ಕೊಡುವ ಬಾಡಿಗೆ. ಕಿಟಕಿ ತೆರೆದು, ಮೆಣಸಿನಕಾಯಿ ಕೊನೆಗೆ ಹಾಕು. ಶನಿವಾರವೇ ಸಾಮಾನು ತಂದಿಡು, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ನೀರಿನ ಬಾಟಲಿ ಕೊಳ್ಳುವುದೇ ಬೇಡ, ನಲ್ಲಿ ನೀರು ಚೆನ್ನಾಗಿದೆ. ಕೊಂಡರೆ ಹಿಸುಕಿ ಬಿಸಾಡಬೇಡ. ಒಂದೊಂದು ಪ್ಲಾಸ್ಟಿಕ್ ಬಾಟಲಿಯ ಮೇಲೆ 25 ಸೆಂಟ್ ಠೇವಣಿ ಇರುತ್ತದೆ. ಅಂಗಡಿಯ ಗೋಡೆಯಲ್ಲಿ ಒಂದು ತೂತು, ಅದಕ್ಕೆ ಬಾಟಲಿ ಕೊಟ್ಟರೆ ಗರಗರ ತಿರುಗಿಸಿ ನೋಡಿ ನುಂಗಿಕೊಂಡು ಚೀಟಿ ಕೊಡುತ್ತದೆ. ನಾನಂತೂ ಆ ಮೆಷಿನ್ ಮುಂದೆ ಚಿಕ್ಕ ಹುಡುಗಿಯಾಗಿಬಿಟ್ಟಿದ್ದೆ.

ಊರು ನೋಡುವ ವಿಷಯ. ಏಳು ದೇಶದ ಬದಲು ಆಖೆನ್ ಸುತ್ತಮುತ್ತ ನೋಡು ಅಂದರೆ ಮುಖ ಸಣ್ಣಗೆ ಮಾಡಬೇಡ. ಅಲ್ಲಿನ ಕೆಥೆಡ್ರಲ್ 1978ರಲ್ಲಿ ಯುನೆಸ್ಕೊ ಮಾಡಿದ ಮೊಟ್ಟಮೊದಲ ವಿಶ್ವ ಪರಂಪರೆ ಪಟ್ಟಿಯ ಹನ್ನೆರಡು ಜಾಗಗಳಲ್ಲಿ ಒಂದು. 814ರಲ್ಲಿ ತೀರಿಕೊಂಡ ಶಾರ್ಲಮೇನ್ ದೊರೆಯ ಸಮಾಧಿ ಅಲ್ಲೇ ಇದೆ. ಮಹಡಿಯಲ್ಲಿ ಅವನ ಸಿಂಹಾಸನ ಅಂತ ತೋರಿಸುತ್ತಾರೆ. ನಮ್ಮ ದಸರಾ ಸಿಂಹಾಸನ ನೋಡಿದ ಕಣ್ಣಿಗೆ ಅದು ಯಾರೋ ನಾಲ್ಕು ಚಪ್ಪಡಿ ಕಲ್ಲು ಜೋಡಿಸಿಟ್ಟ ಹಾಗೆ ಕಾಣುತ್ತದೆ. ಆ ಕಲ್ಲನ್ನೇ ನಾನು ತುಂಬ ಹೊತ್ತು ನೋಡುತ್ತಾ ನಿಂತಿದ್ದೆ. ಊರ ಹೊರಗೆ ಜರ್ಮನಿ, ಬೆಲ್ಜಿಯಂ, ನೆದರ್‌ಲೆಂಡ್ಸ್ ಮೂರೂ ಕೂಡುವ ಗುಡ್ಡ ಇದೆ. ಯುರೋಪಿನಲ್ಲಿರುವ ನೆದರ್‌ಲೆಂಡ್ಸ್ ನೆಲದಲ್ಲಿ ಅತಿ ಎತ್ತರ ಅದೇ, 322 ಮೀಟರ್! ನಮ್ಮ ಮೈಸೂರು ಪೇಟೆಯೇ ಸಮುದ್ರಮಟ್ಟದಿಂದ 700 ಮೀಟರಿಗಿಂತ ಮೇಲಿದೆ. ಅಲ್ಲೊಂದು ಕಲ್ಲು, ಅದರ ಸುತ್ತ ನಾಲ್ಕು ಹೆಜ್ಜೆ ಹಾಕಿದರೆ ಮೂರು ದೇಶ ಸುತ್ತಿದಂತೆ. ನಿನ್ನ ಏಳರಲ್ಲಿ ಮೂರು ಅಲ್ಲೇ ಮುಗಿಯಿತು. ಗಡಿ ಕಾಣದು ಅಂತ ಪಾಸ್‌ಪೋರ್ಟನ್ನು ರೂಮಿನಲ್ಲಿ ಬಿಟ್ಟು ಹೋಗಬೇಡ. 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿತು.

ಕಲೋನ್ ಊರಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಸ್ಟೇಷನ್ನಿನಿಂದ ಹೊರಗೆ ಬಂದು ತಲೆ ಎತ್ತಿದರೆ ಕೆಥೆಡ್ರಲ್. 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದದ್ದು. ಮಧ್ಯೆ ನೂರಾರು ವರ್ಷ ಕೆಲಸ ನಿಂತೇ ಹೋಗಿತ್ತು. ಇನ್ನು ಮೇಲೆ ನಮ್ಮ ಮೇಲ್ಸೇತುವೆಗಳನ್ನು ಬೈಯಬಾರದು ಅಂತ ನಿಮ್ಮ ದೊಡ್ಡಪ್ಪ ಅಂದರು. ಗೋಪುರಕ್ಕೆ 533 ಮೆಟ್ಟಿಲು. ಶ್ರವಣಬೆಳಗೊಳ ಹತ್ತಿದವಳಿಗೆ ಅದೇನು ಮಹಾ ಅಲ್ಲ, ಆದರೆ ಸುರುಳಿ ಮೆಟ್ಟಿಲು, ಇಕ್ಕಟ್ಟು, ಎದುರಿನಿಂದ ಜನ.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಇದೆ. 2026ರ ಜನವರಿಯಿಂದ ತಿಂಗಳಿಗೆ 63 ಯುರೋ. ದೇಶದ ಎಲ್ಲ ಸಿಟಿ ಬಸ್ಸು, ಲೋಕಲ್ ರೈಲಿಗೆ ನಡೆಯುತ್ತದೆ, ಎಕ್ಸ್‌ಪ್ರೆಸ್ ರೈಲಿಗಿಲ್ಲ. ಅದು ತಿಂಗಳ ಒಂದನೇ ತಾರೀಖಿನಿಂದ ಕೊನೆಯ ತನಕ. ಜುಲೈಯೊಳಗೇ ಹೋಗಿಬಂದರೆ ಒಂದು ಟಿಕೆಟ್ ಸಾಕು. ಆದರೆ ಅದು ಚಂದಾ, ತಾನಾಗೇ ಮುಂದುವರಿಯುತ್ತದೆ. ಹತ್ತನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಆಗಸ್ಟ್ ದುಡ್ಡೂ ಹೋಗುತ್ತದೆ. ರೈಲು ಹತ್ತುವಾಗ ಬೋಗಿಯ ಮೇಲೆ ಬರೆದ ಊರಿನ ಹೆಸರು ಓದು. ಕೆಲವು ರೈಲು ದಾರಿಯಲ್ಲಿ ಎರಡಾಗಿ ಒಡೆದು ಬೇರೆ ಬೇರೆ ಊರಿಗೆ ಹೋಗುತ್ತವೆ. ನಾನು ಒಂದು ಸಂಜೆ ಹಿಂದಿನ ಅರ್ಧದಲ್ಲಿ ಕೂತು, ಮುಂದಿನ ಅರ್ಧ ಆಖೆನ್ ಕಡೆ ಹೋಗುವುದನ್ನು ಕಿಟಕಿಯಿಂದ ನೋಡಿದವಳು.

ಜುಲೈಯಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಜನ ಹುಲ್ಲಿನ ಮೇಲೆ ಬಿದ್ದುಕೊಂಡಿರುತ್ತಾರೆ. ಎರಡನೇ ವಾರಕ್ಕೆ ನೀನು "ನಾನೂ ಇಲ್ಲೇ ಎಂ.ಎಸ್. ಮಾಡ್ತೀನಿ" ಅಂತ ಫೋನ್ ಮಾಡುತ್ತೀಯ, ಬೇಕಾದರೆ ಬರೆದಿಟ್ಟುಕೋ. ಮಾಡು, ಬೇಡ ಅನ್ನುವುದಿಲ್ಲ. ಆದರೆ ಆ ಬೆಳಕು ನೋಡಿ ತೀರ್ಮಾನ ಮಾಡಿದರೆ ಮದುವೆ ಚಪ್ಪರ ನೋಡಿ ಸಂಬಂಧ ಬೆಳೆಸಿದ ಹಾಗೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆ ಕತ್ತಲು. ಮೊದಲ ಚಳಿಗಾಲದಲ್ಲಿ ನಿಮ್ಮಕ್ಕ ದಿನಾ ಸಂಜೆ ಫೋನ್ ಮಾಡಿ ಏನೂ ಮಾತಾಡದೆ ಸುಮ್ನೆ ನಮ್ಮ ಅಡುಗೆಮನೆಯ ಸದ್ದು ಕೇಳುತ್ತಿದ್ದಳು. ನಿನ್ನ ಗೆಳತಿ ಫೋಟೋ ಹಾಕುವುದು ನಗುವಾಗ ಮಾತ್ರ. ಉಳಿದದ್ದನ್ನು ನೀನು ಕೇಳಿದರೆ ಹೇಳಬಹುದು. ಮೊದಲ ದಿನ ಹೇಳುವುದಿಲ್ಲ, ನಾಲ್ಕನೇ ದಿನವೋ ಐದನೇ ದಿನವೋ ಪಾತ್ರೆ ಒರೆಸುತ್ತಾ ಹೇಳುತ್ತಾಳೆ. ಮೂರು ರಾತ್ರಿ ಸಾಲದು ಅನ್ನುವುದು ಅದಕ್ಕೇ. ಅವಳು ಅತ್ತರೆ ಅದು ಅಲ್ಲೇ ಇರಲಿ. ಇಲ್ಲಿ ಬಂದು ಅವಳಮ್ಮನ ಕಿವಿಗೆ ಹಾಕಬೇಡ, ನಿಮ್ಮಮ್ಮನ ಕಿವಿಗಂತೂ ಬೇಡವೇ ಬೇಡ.

ಪ್ಯಾರಿಸ್ ನೋಡಲೇಬೇಕು ಅಂತಿದ್ದರೆ ಅವಳ ಪರೀಕ್ಷೆಯ ದಿನಗಳಲ್ಲಿ ಎರಡು ದಿನ ಹೋಗಿ ಬಾ. ಅವಳಿಗೂ ರೂಮು ಖಾಲಿ ಸಿಕ್ಕಂತಾಗುತ್ತದೆ. ವೆನಿಸ್ ಎಲ್ಲಿಗೂ ಹೋಗುವುದಿಲ್ಲ, ನಿನ್ನ ಸಂಬಳ ಬರಲಿ.

ನನಗೆ ಏನೂ ತರಬೇಡ ಅಂತ ಬರೆಯುವವಳಿದ್ದೆ. ಆದರೆ ಆಖೆನ್‌ನಲ್ಲಿ ಪ್ರಿಂಟೆನ್ ಅಂತ ಮಸಾಲೆ ಬಿಸ್ಕತ್ತು ಸಿಗುತ್ತದೆ, ಚಕ್ಕೆ ಲವಂಗದ ವಾಸನೆ ಬೀದಿಗೇ ಬರುತ್ತದೆ. ಒಂದು ಪೊಟ್ಟಣ ತಾ. ಅದರಲ್ಲಿ ಗಟ್ಟಿಯದು, ಮೆತ್ತನೆಯದು ಅಂತ ಎರಡು ಬಗೆ. ಮೆತ್ತನೆಯದೇ ನೋಡಿ ತಾ. ಹೋದ ಸಲ ನಿಮ್ಮ ದೊಡ್ಡಪ್ಪನ ಹಲ್ಲು ಹೋದದ್ದು ಗಟ್ಟಿಯದರಿಂದ.

ಇಂತಿ ನಿನ್ನ,
ದೊಡ್ಡಮ್ಮ