ಬೀರುವಿನಲ್ಲಿ ಕಲ್ಲು, ಥರ್ಮಾಕೋಲಿನಲ್ಲಿ ಜ್ವಾಲಾಮುಖಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಶಾಲೆಯ ಭೂವಿಜ್ಞಾನ ಪ್ರದರ್ಶನದ ವರದಿಯನ್ನು ಸೋಮವಾರದ ಪತ್ರಿಕೆಯಲ್ಲಿ ಓದಿದೆ. ‘ಮಕ್ಕಳೇ ತಯಾರಿಸಿದ ಮಾದರಿಗಳು’ ಎಂದು ಬರೆದಿದ್ದೀರಿ. ಫೋಟೊದಲ್ಲಿ ಅತಿಥಿಗಳ ಎಡಕ್ಕೆ ಅರ್ಧ ಕಾಣುವ ಗುಡ್ಡವನ್ನು ತಯಾರಿಸಿದ ಮಗುವಿಗೆ ಈಗ ಅರವತ್ತೆಂಟು ವರ್ಷ.

‘ತಾತ, ನಾಳೆ ಜ್ವಾಲಾಮುಖಿ ತರಬೇಕಂತೆ’ ಎಂದು ಏಳನೇ ತರಗತಿಯ ಮೊಮ್ಮಗಳು ಹೇಳಿದ್ದು ಶುಕ್ರವಾರ ಸಂಜೆ ಐದೂವರೆಗೆ. ಮಳೆ ಬೇರೆ. ಮಂಡಿನೋವು ಕಟ್ಟಿಕೊಂಡು ಕಟ್ಟಿನಕೆರೆ ಮಾರುಕಟ್ಟೆಯ ಸುತ್ತ ಅಲೆದು ಥರ್ಮಾಕೋಲ್ ಹಾಳೆ ಹೊತ್ತು ಬಸ್ ಹತ್ತಿದರೆ ಬಾಗಿಲಲ್ಲೇ ಅದರ ಮೂಲೆ ಮುರಿಯಿತು. ಸೋಡಾ, ವಿನೆಗರ್, ಬಣ್ಣ ಎಲ್ಲ ಸೇರಿ 380 ರೂಪಾಯಿ. ಹತ್ತೂವರೆಯ ಅತಿಥಿಗಳು ಬಂದದ್ದು ಒಂದೂಕಾಲಿಗೆ. ಅಷ್ಟರಲ್ಲಿ ಯಾವನೋ ಹುಡುಗ ವಿನೆಗರ್ ಸುರಿದು, ನಮ್ಮ ಜ್ವಾಲಾಮುಖಿ ಉಕ್ಕಿ, ಒರೆಸಿಯೂ ಆಗಿತ್ತು. ಫೋಟೊಗಾಗಿ ಇನ್ನೊಮ್ಮೆ ಉಕ್ಕಬೇಕೆಂದು ಅಪ್ಪಣೆಯಾಯಿತು. ಸೋಡಾ ತರಲು ಓಡಿದವನೂ ನಾನೇ.

ಸೋಡಾಕ್ಕೆ ಹುಳಿ ಬಿದ್ದರೆ ನೊರೆ ಬರುತ್ತದೆಂಬುದು ನಮ್ಮ ಅಡುಗೆಮನೆಗೂ ಗೊತ್ತು. ನೆಲದಾಳದಲ್ಲಿ ಕರಗಿದ ಕಲ್ಲಾದ ಶಿಲಾಪಾಕಕ್ಕೂ ಅದಕ್ಕೂ ಏನು ನಂಟು? ಜೀವಂತ ಜ್ವಾಲಾಮುಖಿ ಬೇಕಿದ್ದರೆ ಅಂಡಮಾನಿನ ಬ್ಯಾರನ್ ದ್ವೀಪಕ್ಕೆ ಹೋಗಬೇಕು. ಹಾಸನದಲ್ಲಿರುವುದು ಕಲ್ಲು. ಗೊರೂರಿನ ನೈಸ್ ಎಂಬ ಪಟ್ಟೆಪಟ್ಟೆ ಶಿಲೆಗೆ ಮುನ್ನೂರು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಪ್ರವಾಸಕ್ಕೆಂದು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಅಣೆಕಟ್ಟು ತೋರಿಸಿ, ಚಿತ್ರಾನ್ನ ತಿನ್ನಿಸಿ ವಾಪಸ್ ತರುತ್ತಾರೆ. ಹಳೇಬೀಡಿನ ಗುಡಿಯದು ಬಳಪದ ಕಲ್ಲು, ಗೊಮ್ಮಟನದು ಗ್ರಾನೈಟು. ಎರಡೂ ಜಾತಿಯ ಒಂದೊಂದು ಚೂರು (ಗುಡಿಯಿಂದ ಒಡೆದದ್ದಲ್ಲ ಮತ್ತೆ!) ಕೊಟ್ಟು ಮೊಳೆಯಿಂದ ಗೀರಿಸಿದರೆ, ಅಲ್ಲಿ ಸರದ ಮಣಿಮಣಿಯೂ ಏಕೆ ಎದ್ದು ನಿಂತಿತು, ಇಲ್ಲಿ ಮೈ ಏಕೆ ಸಪಾಟಾಗಿ ಉಳಿಯಿತು ಎಂದು ಮಕ್ಕಳೇ ಹೇಳುತ್ತಾರೆ. 2018ರಲ್ಲೂ 2024ರಲ್ಲೂ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯಿತಲ್ಲ, ಅದು ಏಕೆಂದು ತೋರಿಸಲು ಎರಡು ತಟ್ಟೆ ಮಣ್ಣು, ಒಂದರ ಮೇಲೆ ಹುಲ್ಲಿನ ಹೆಂಟೆ, ಒಂದು ಚೊಂಬು ನೀರು ಸಾಕು.

ಶಾಲೆಯಲ್ಲಿ ಶಿಲೆಗಳ ಮಾದರಿ ಪೆಟ್ಟಿಗೆ ಇಲ್ಲವೆಂದಲ್ಲ. ಬೀರುವಿನ ಗಾಜಿನಾಚೆ ಕಣ್ಣಾರೆ ಕಂಡೆ. ಹಳದಿಗಟ್ಟಿದ ಹತ್ತಿಯ ಮೇಲೆ ಬಾಣಂತಿಯ ಕೂಸಿನಂತೆ ಮಲಗಿಸಿದ ಹನ್ನೆರಡು ಕಲ್ಲು, ಒಂದೊಂದಕ್ಕೂ ನಂಬರ್ ಚೀಟಿ. ಮಕ್ಕಳಿಗೆ ಕೊಡಬಾರದೇ ಎಂದರೆ, ‘ಒಂದು ಕಳೆದರೆ ಆಡಿಟ್‌ನವರಿಗೆ ಉತ್ತರ ಯಾರು ಕೊಡಬೇಕು ಸಾರ್?’ ಹಾಸನ ಜಿಲ್ಲೆಯಲ್ಲಿ ಕಲ್ಲು ಕಳೆದುಹೋಗುವ ಭಯ!

ಆಡಿಟ್ ಎಂದಾಗ ನೆನಪಾಯಿತು. ಒಳಚರಂಡಿಗೆಂದು ನಮ್ಮ ಬೀದಿ ಅಗೆದು ಎಂಟು ತಿಂಗಳಾಯಿತು. ಅದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಮೂರು ಅರ್ಜಿ ಕೊಟ್ಟಿದ್ದೇನೆ. ಹೋದಾಗಲೆಲ್ಲ ‘ಸಾಹೇಬರು ಸೈಟಿಗೆ ಹೋಗಿದ್ದಾರೆ’. ನಮ್ಮ ಬೀದಿಯಂತೂ ಆ ಸೈಟಲ್ಲ. ಗುಂಡಿಯ ಗೋಡೆಯಲ್ಲಿ ಮೇಲೆ ಕಪ್ಪು ಮಣ್ಣು, ಕೆಳಗೆ ಕೆಂಪು, ಅದರಡಿ ಪುಡಿಪುಡಿಯಾಗುವ ಕಲ್ಲು ಪದರಪದರವಾಗಿ ಕಾಣುತ್ತದೆ. ಪಾಠಪುಸ್ತಕದ ಚಿತ್ರವೂ ಅಷ್ಟು ಚೆನ್ನಾಗಿಲ್ಲ.

ಸಂಬಂಧಪಟ್ಟವರು ಬೀರುವಿನ ಬೀಗ ತೆಗೆಯಲಿ, ಗುಂಡಿಯನ್ನೂ ಮುಚ್ಚಲಿ. ಮುಚ್ಚಲು ಆಗದಿದ್ದರೆ ಮಕ್ಕಳನ್ನು ಕರೆತಂದು ಅದನ್ನಾದರೂ ತೋರಿಸಲಿ. ಮುಂದಿನ ತಿಂಗಳು ಸೌರವ್ಯೂಹವಂತೆ. ಆ ಒಂಬತ್ತು ಚೆಂಡುಗಳನ್ನು ಯಾರು ಬೇಕಾದರೂ ತರಲಿ, ನಾನಂತೂ ತರುವುದಿಲ್ಲ.

– ಒಬ್ಬ ಹಿರಿಯ ನಾಗರಿಕ, ಹಾಸನ