ಚಿನ್ನುವಿನ ಶನಿವಾರಗಳು

ಚಿರಂಜೀವಿ ರಾಜುವಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ "ಗೊತ್ತು ಅತ್ತೆ, ಗೊತ್ತು" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನೀನೂ ನಿನ್ನ ಹೆಂಡತಿಯೂ ಬೇರೆಯಾದ ಮೇಲೆ ತಿಂಗಳಿಗೆ ಎರಡು ಶನಿವಾರ, ರಾತ್ರಿಯೂ ಸೇರಿ, ಚಿನ್ನು ನಿನ್ನ ಹತ್ತಿರ ಇರಲಿ ಅಂತ ಕೋರ್ಟು ಹೇಳಿದೆ. ಸಿಕ್ಕ ಆ ಹೊತ್ತಿನಲ್ಲಿ ಮಗನನ್ನು ಖುಷಿಯಾಗಿಡಬೇಕು ಅಂತ ನಿನ್ನ ಆಸೆ. ಒಂದು ಸಲ ಮಾಲ್, ಒಂದು ಸಲ ಹೊಸ ಹೋಟೆಲ್, ಒಂದು ಸಲ ಯಾರದೋ ಮನೆ ಗೃಹಪ್ರವೇಶ. ಮಾಲಿನಲ್ಲಿ ಅವನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟ. ಜನ ಸುತ್ತ ನಿಂತು ನೋಡಿದರು. "ಅಮ್ಮನ ಹತ್ತಿರ ಸರಿಯಾಗಿರುತ್ತಾನೆ, ನನ್ನ ಹತ್ತಿರ ಬಂದರೇ ಹೀಗೆ" ಅಂದೆಯಲ್ಲ, ಅವಳೇ ಏನೋ ತಲೆಗೆ ತುಂಬಿದ್ದಾಳೆ ಅನ್ನುವ ಅನುಮಾನ ನಿನ್ನ ದನಿಯಲ್ಲಿತ್ತು. ಆ ಯೋಚನೆ ಬಿಟ್ಟುಬಿಡು. ಅವನಿಗೆ ಆಟಿಸಂ ಇದೆ; ಯಾರೋ ಹೇಳಿಕೊಟ್ಟ ಹಾಗೆ ನಾಟಕ ಆಡುವುದು ಆ ಹುಡುಗನಿಗೆ ಬರುವುದೇ ಇಲ್ಲ. ಅಮ್ಮನ ಮನೆಯಲ್ಲಿ ಹಲ್ಲುಜ್ಜಿದ ಮೇಲೆ ಏನು, ತಿಂಡಿ ಆದ ಮೇಲೆ ಏನು ಅಂತ ಅವನಿಗೆ ಗೊತ್ತು. ನಿನ್ನ ಮನೆಯಲ್ಲಿ ಒಂದು ಶನಿವಾರದ ಹಾಗೆ ಇನ್ನೊಂದು ಇರುವುದಿಲ್ಲ.

ಹೋದ ಸಲ ನಾನು ಬೆಂಗಳೂರಿಗೆ ಬಂದಿದ್ದಾಗ ಕಣ್ಣಾರೆ ನೋಡಿದೆ. "ಐದು ನಿಮಿಷ, ಹಾಲು ತಂದುಬಿಡ್ತೀನಿ" ಅಂತ ನೀನು ಕೆಳಗೆ ಹೋದೆ. ಚಿನ್ನು ಗೋಡೆ ಗಡಿಯಾರದ ಕೆಳಗೆ ನಿಂತ. ಐದು ನಿಮಿಷದವರೆಗೂ ಕಲ್ಲಿನ ಹಾಗೆ ನಿಂತಿದ್ದ. ಆಮೇಲೆ ಬೆರಳುಗಳು ತೊಡೆ ಮೇಲೆ ಬಡಿಯತೊಡಗಿದವು, ಆಮೇಲೆ ಕಾಲು ಬದಲಿಸಿ ಬದಲಿಸಿ ತೂಗಾಡಿದ. "ಅಪ್ಪ ಐದು ನಿಮಿಷ, ಅಪ್ಪ ಐದು ನಿಮಿಷ" ಅಂತ ಒಂದೇ ಸಮ. ನಿನಗೆ ಕೆಳಗೆ ಯಾರೋ ಸಿಕ್ಕಿದ್ದರಂತೆ. ನೀನು ಒಳಗೆ ಬರುವುದಕ್ಕೂ ಅವನು ತಟ್ಟೆ ಎಸೆಯುವುದಕ್ಕೂ ಸರಿಹೋಯಿತು. ನೀನು ಅದನ್ನು ಹಠ ಅಂದೆ. ನಮ್ಮ ಕಡೆ ಐದು ನಿಮಿಷ ಅಂದರೆ ಅರ್ಧ ಗಂಟೆ ಅಂತ ನಮಗೆಲ್ಲ ಅಭ್ಯಾಸ. ಅವನು ನೀನು ಹೇಳಿದ್ದನ್ನು ನಂಬಿ ನಿಂತಿದ್ದ, ಅಷ್ಟೇ.

ಆದ್ದರಿಂದ ಚಿನ್ನುವಿನ ಅಮ್ಮನಿಗೆ ಒಂದು ಫೋನ್ ಮಾಡು. ಹಳೇ ಲೆಕ್ಕ ತೆಗೆಯಬೇಡ. ಅವನ ದಿನ ಹೇಗೆ ನಡೆಯುತ್ತದೆ ಅಂತ ಮಾತ್ರ ಕೇಳಿ ಬರೆದುಕೋ. ಸಾರು ಪಲ್ಯಕ್ಕೆ ತಾಗದ ಹಾಗೆ ಭಾಗ ಇರುವ ಸ್ಟೀಲ್ ತಟ್ಟೆ ಇದೆಯಲ್ಲ, ಅಂಥದ್ದೇ ಒಂದು ನಿನ್ನ ಮನೆಗೂ ತಗೋ. ಅದೇ ಸೋಪು, ಅದೇ ಥರದ ಹೊದಿಕೆ. ಎರಡೂ ಮನೆಯಲ್ಲಿ ಒಂದೇ ಥರದ ಕ್ಯಾಲೆಂಡರ್ ತೂಗುಹಾಕಿ, ಅಪ್ಪನ ದಿನಕ್ಕೆ ಒಂದು ಬಣ್ಣ, ಅಮ್ಮನ ದಿನಕ್ಕೆ ಒಂದು ಬಣ್ಣ ಹಚ್ಚಿ. ನೀನು ಬರಲಾಗದ ಶನಿವಾರ ಇದ್ದರೆ ಮೊದಲೇ ತಿಳಿಸು, ಅವಳು ಅವನ ಕೈಯಲ್ಲೇ ಬಣ್ಣ ತಿದ್ದಿಸಲಿ. ಕೊನೇ ಗಳಿಗೆಯಲ್ಲಿ ಮೆಸೇಜ್ ಹಾಕಿ ನೀನು ತಪ್ಪಿಸಿಕೊಂಡರೆ ಅಲ್ಲಿ ಸಂಜೆಯೆಲ್ಲ ಅನುಭವಿಸುವವಳು ಅವಳು.

ಇನ್ನೊಂದು. "ಅಮ್ಮ ಇಲ್ಲಿಗೆ ಯಾವಾಗ ಬರ್ತಾಳೆ" ಅಂತ ಅವನು ಕೇಳಿದಾಗ ನೀನು ಟಿವಿ ಹಾಕುತ್ತೀಯ. ಹಾಕಬೇಡ. "ಅಮ್ಮ ಇಲ್ಲಿಗೆ ಬರಲ್ಲ. ಅಪ್ಪ ಅಮ್ಮ ಬೇರೆ ಬೇರೆ ಮನೆಯಲ್ಲಿ ಇರ್ತಾರೆ. ನೀನು ನಾಳೆ ಅಮ್ಮನ ಮನೆಗೆ ಹೋಗ್ತೀಯ" ಅನ್ನು. ಇಪ್ಪತ್ತು ಸಲ ಕೇಳಿದರೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳು. ಮಾತು ಬದಲಾದರೆ ಅವನಿಗೆ ಸಂಗತಿಯೇ ಬದಲಾದ ಹಾಗೆ.

ನಮ್ಮ ನೆಂಟರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ. ಮಗು ಹೀಗಿದ್ದದ್ದಕ್ಕೇ ಸಂಸಾರ ಒಡೆಯಿತು ಅಂತ ಅವನ ಎದುರೇ ಅನ್ನುತ್ತಾರೆ, ಅವನಿಗೆ ಅರ್ಥ ಆಗಲ್ಲ ಅಂದುಕೊಂಡು. ನೀನು ಅಲ್ಲೇ ತಡೆಯಬೇಕು, ದೊಡ್ಡವರಾದರೂ ಸರಿ. ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿದರೆ ಗುಣ ಆಗುತ್ತದೆ ಅಂತ ನಿನ್ನ ಚಿಕ್ಕಪ್ಪ ಹೇಳಿದರಂತೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಅಂತ 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಆ ದುಡ್ಡು ಅವನ ಹೆಸರಿನಲ್ಲಿ ಇಡು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಆಯಿಷ್‌ಗೆ ಅವನ ಅಮ್ಮ ಮಾತಿನ ತರಬೇತಿಗೆ ಕರೆದುಕೊಂಡು ಹೋಗುತ್ತಾಳಲ್ಲ, ಒಂದು ದಿನ ರಜೆ ಹಾಕಿ ನೀನೂ ಹೋಗಿ ಕೂತು ನೋಡು.

ತಾಲೂಕು ಕಚೇರಿಯಲ್ಲಿ ಸವೆದವಳು ನಾನು, ಕಾಗದಪತ್ರದ ವಿಷಯ ಹೇಳದೆ ಬಿಡುತ್ತೇನಾ? ಅವನ ಯುಡಿಐಡಿ ಕಾರ್ಡಿನ, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿಯ, ಪ್ರತಿ ಇಬ್ಬರ ಹತ್ತಿರವೂ ಇರಲಿ. ನಿರಾಮಯ ಅನ್ನುವ ಸರ್ಕಾರಿ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಒಂದಿಷ್ಟು ಬರುತ್ತದೆ. ಅದನ್ನು ನವೀಕರಿಸುವ ಕೆಲಸ ನಿನ್ನದು ಅಂತ ಒಪ್ಪಿಕೋ. ಚಿನ್ನುವಿಗೆ ಈಗ ಹದಿನಾಲ್ಕು. 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಅವನು ದೊಡ್ಡವನು, ಅಪ್ಪ ಅಮ್ಮನ ಸಹಿ ತಾನಾಗಿ ನಡೆಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯ ಸಮಿತಿಗೆ ಅರ್ಜಿ ಹಾಕಿ ಅವನ ಪರವಾಗಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬಹುದು. ಅವನಿಗೆ ಯಾವುದರಲ್ಲಿ ಎಷ್ಟು ಆಸರೆ ಬೇಕು ಅಂತ ಇಬ್ಬರೂ ಈಗಿನಿಂದಲೇ ಮಾತಾಡಿ. ಮತ್ತೆ, ಹದಿನೆಂಟಕ್ಕೆ ನಿನ್ನ ದುಡ್ಡಿನ ಜವಾಬ್ದಾರಿ ಮುಗಿಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡ. ಸ್ವಂತ ದುಡಿದು ಬದುಕಲಾಗದ ಮಗುವಿಗೆ ಆ ವಯಸ್ಸು ದಾಟಿದರೂ ಜೀವನಾಂಶದ ಹಕ್ಕಿದೆ.

ದಸರಾ ವಿಷಯ. ಜಂಬೂಸವಾರಿಗೆ ಪಾಸ್ ಸಿಕ್ಕಿದೆ, ಚಿನ್ನುವನ್ನು ಕರೆದುಕೊಂಡು ಹೋಗುತ್ತೇನೆ ಅಂದೆ. ಬೇಡ ಕಣೋ. ವಿಜಯದಶಮಿ ದಿನ 21 ಕುಶಾಲತೋಪು ಹಾರಿಸುತ್ತಾರೆ. ಬೆಚ್ಚಬಾರದು ಅಂತ ಆನೆಗಳಿಗೇ ಮೊದಲಿನಿಂದ ಸಿಡಿಮದ್ದಿನ ತಾಲೀಮು ಕೊಡುತ್ತಾರೆ, ಇವನಿಗೆ ಯಾರು ಕೊಟ್ಟಿದ್ದಾರೆ? ಹಬ್ಬಕ್ಕೆ ಮೊದಲು ದಿನಾ ಬೆಳಿಗ್ಗೆ ಆನೆಗಳು ಅರಮನೆಯಿಂದ ಬನ್ನಿಮಂಟಪಕ್ಕೆ ನಡೆದು ಹೋಗುತ್ತವಲ್ಲ, ಆ ಹೊತ್ತಿಗೆ ಜನ ಕಮ್ಮಿ. ಅವಳನ್ನು ಕೇಳಿ ನಿನ್ನ ಒಂದು ಶನಿವಾರ ಮೈಸೂರಿನಲ್ಲೇ ಇಟ್ಟುಕೋ. ಶುಕ್ರವಾರ ರಾತ್ರಿಯೇ ನಮ್ಮ ಮನೆಗೆ ಬಾ. ಆನೆ ನೋಡಿಕೊಂಡು ಬರುವಷ್ಟರಲ್ಲಿ ಇಡ್ಲಿ ಆಗಿರುತ್ತದೆ. ಚಟ್ನಿ ಹಿಂದಿನ ದಿನವೇ ರುಬ್ಬಿಟ್ಟಿರುತ್ತೇನೆ, ಮಿಕ್ಸಿ ಸದ್ದು ಇರುವುದಿಲ್ಲ. ತಟ್ಟೆ ಮಾತ್ರ ನೀನು ತಗೊಂಡು ಬಾ.

ಇತಿ,
ನಿನ್ನ ಅತ್ತೆ